ಮೊದಲ ಇಳಿಜಾರು

ಗುಜರಿ ಗಾಡಿಯಿಂದ ಬಿಚ್ಚಿ ತಂದಿದ್ದ ಎಕ್ಸಾಸ್ಟ್ ಬ್ರೇಕನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬೆಳ್ಳಿ ಬಣ್ಣ ಬಳಿದು, ಮೆಕ್ಯಾನಿಕ್ ದೇಜಪ್ಪ ಪಿಕಪ್ಪಿನ ಸೈಲೆನ್ಸರ್ ಪೈಪಿಗೆ ಕೂರಿಸಿದ.

"ಹೊಸದೇ ತಾನೆ?" ಗಾಡಿಯ ಯಜಮಾನ ಕೇಳಿದ.

"ಈಗಷ್ಟೇ ಡಬ್ಬ ಒಡೆದದ್ದು ಸ್ವಾಮಿ. ಇಳಿಜಾರಲ್ಲಿ ಸ್ವಿಚ್ ಒತ್ತಿದ್ರೆ ಸಾಕು, ಹಿಂದಿನಿಂದ ಹಗ್ಗ ಹಾಕಿ ಹಿಡಿದ ಹಾಗೆ ನಿಧಾನ ಆಗ್ತದೆ."

ಬ್ರೇಕ್ ಕೂರಿಸಿದವನು ಮೊದಲ ಸಲ ಘಾಟಿ ಇಳಿಯುವಾಗ ಡ್ರೈವರನ ಪಕ್ಕ ಕೂರಬೇಕು. ಅದು ಆ ಕಡೆಯ ಗ್ಯಾರೇಜುಗಳ ಪದ್ಧತಿ. ಕಾಲಿನ ಬ್ರೇಕ್ ಹೇಗೂ ಇದೆಯಲ್ಲ ಎಂದುಕೊಂಡು ದೇಜಪ್ಪ ಹತ್ತಿ ಕೂತ.

ಘಾಟಿಯ ತಲೆಯಲ್ಲಿ ಯಜಮಾನ ಗಾಡಿ ನಿಲ್ಲಿಸಿದ. ಸ್ಪ್ಯಾನರ್ ಹಿಡಿದು ಅಡಿಗೆ ತೂರಿದವನು ಸ್ವಲ್ಪ ಹೊತ್ತಿನ ಮೇಲೆ ಕೈ ಒರೆಸಿಕೊಳ್ಳುತ್ತಾ ಬಂದ.

"ಏನಾಯ್ತು?"

"ಏನಿಲ್ಲ." ಗಾಡಿ ಇಳಿಯತೊಡಗಿತು. "ಹೋದ ವರ್ಷ ನಮ್ಮಣ್ಣನ ಗಾಡಿಗೂ ಬ್ರೇಕ್ ಹಾಕಿದ್ದು ನೀವೇ. ಅವತ್ತು ನಿಮಗೆ ಜ್ವರ ಅಂತ ಅವನೊಬ್ಬನೇ ಇಳಿದ. ಮೂರನೇ ತಿರುವು ದಾಟಲಿಲ್ಲ."

ದೇಜಪ್ಪ ಎರಡೂ ಕೈಯಲ್ಲಿ ಸೀಟು ಹಿಡಿದುಕೊಂಡ. "ನಿಲ್ಸಿ ಸ್ವಾಮಿ! ಕಾಲಿನ ಬ್ರೇಕ್ ಒತ್ತಿ!"

ಯಜಮಾನ ಸ್ವಿಚ್ಚಿನ ಮೇಲೆ ಬೆರಳಿಟ್ಟ. "ಅದರ ಎಣ್ಣೆ ಪೂರ್ತಿ ಇಳಿಸಿ ಬಂದಿದೀನಿ. ಇನ್ನು ಇರೋದು ನಿಮ್ಮ ಹೊಸ ಬ್ರೇಕ್ ಒಂದೇ."