ಎಣ್ಣೆ ಕುಡಿದ ಸೈಕಲ್ಲು

ಹರಳೆಣ್ಣೆಯ ವಾಸನೆ ಬಂದರೆ ಈಗಲೂ ಹೊಳೆನರಸೀಪುರದ ಆ ಸೈಕಲ್ ಶಾಪು ನೆನಪಾಗುತ್ತದೆ.

ಮೇಷ್ಟರಾಗಿದ್ದ ಅಪ್ಪ ಆ ವಾರವೆಲ್ಲ ದೂರದ ಶಾಲೆಯಿಂದ ಸೈಕಲ್ಲನ್ನು ತಳ್ಳಿಕೊಂಡೇ ಬಂದಿದ್ದರು. ತುಳಿದರೆ ಪೆಡಲ್ಲು ಸುಮ್ಮನೆ ಸುತ್ತುತ್ತಿತ್ತು, ಚಕ್ರ ಕದಲುತ್ತಿರಲಿಲ್ಲ. ರಿಪೇರಿಯವನು ಚೈನು ಎಳೆದು ನೋಡಿದ. ಆಮೇಲೆ ಹಿಂದಿನ ಚಕ್ರದ ಹಲ್ಲಿನ ಬಿಲ್ಲೆ, ಫ್ರೀವೀಲ್, ಬಿಚ್ಚಿ ಮೂಸಿದ.

"ಚೈನು ಸರ್ಯಾಗೈತೆ ಸಾ. ಇದ್ರೊಳಗೆ ಅರಳೆಣ್ಣೆ ಗಟ್ಟಿಯಾಗಿ ಅಲ್ಲು ಅಂಟ್ಕಂಡವೆ, ಕಚ್ಚಾಕಿಲ್ಲ. ಯಾರ್ ಸಾ ಉಯ್ದೋರು?"

ಶನಿವಾರದ ಎಣ್ಣೆಸ್ನಾನದಲ್ಲಿ ಮಿಕ್ಕಿದ್ದನ್ನು, ಪಾಪ ಸೈಕಲ್ಲಿಗೂ ಸುಸ್ತಾಗಿರುತ್ತದೆಂದು, ಅದರ ಚಕ್ರದ ಸಂದಿಗೆ ಹೊಯ್ದವಳು ನಾನು. ಅಪ್ಪನ ಪಂಚೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡೆ.

"ನಾನೇ ಕಣಯ್ಯ" ಎನ್ನುತ್ತ ಅಪ್ಪ ವಾರವೆಲ್ಲ ನಡೆದು ನೊಂದ ಮಂಡಿ ಹಿಡಿದುಕೊಂಡು ಅಂಗಡಿಯ ಕಲ್ಲಿನ ಮೇಲೆ ಕೂತರು.

ಮುಂದಿನ ಶನಿವಾರ ಎಣ್ಣೆಬಟ್ಟಲನ್ನು ನನ್ನ ಕೈಗೇ ಕೊಟ್ಟು ಕಾಲು ಚಾಚಿದರು. "ಪೂರ್ತಿ ನನ್ನ ಮಂಡಿಗೇ ಹಚ್ಚಮ್ಮ. ಮಿಗಿಸ್ಬೇಡ."