ಮೂರು ಗಂಟೆಯ ದೋಣಿ

ಸಾಂಬ್ರಾಣಿ ವಾಸನೆ ಬಂದರೆ ಇವತ್ತಿಗೂ, ಚೆನ್ನೈ ಬಳಿಯ ತಾಂಬರಂನ ನನ್ನ ಮನೆಯಲ್ಲೂ, ಮೈ ಉರಿಯುತ್ತದೆ.

ಚೆನ್ನೈಯಿಂದ ಚಳಿಗಾಲದ ರಜೆಗೆ ಇಂಗ್ಲೆಂಡಿನ ಬಂದರು ಊರೊಂದರಲ್ಲಿದ್ದ ಚಿಕ್ಕಪ್ಪನ ಮನೆಗೆ ಹೋಗಿದ್ದೆವು. ಅದು ಕೊನೆಯ ದಿನ. ಹಡಗುಗಳ ನಡುವೆ ಸುತ್ತಿಸುವ ದೋಣಿ ಮೂರು ಗಂಟೆಗೆ; ವಾರವಿಡೀ ನಾನು ಅದಕ್ಕೇ ಕಾದಿದ್ದೆ.

"ಶುಕ್ರವಾರ ಕಣೇ, ಎಣ್ಣೆನೀರು ತಪ್ಪಿಸಬಾರದು," ಎಂದು ಅಮ್ಮ ತಲೆಗೆ ನೀರು ಹಾಕಿಯೇಬಿಟ್ಟಳು. ಒದ್ದೆ ತಲೆಯಲ್ಲಿ ಹೊರಡುವಂತಿಲ್ಲ. ಸೊಂಟದುದ್ದದ ಕೂದಲು ಆ ಥಂಡಿಯಲ್ಲಿ ಒಣಗುವುದೂ ಇಲ್ಲ. ಊರಿಂದ ಕಟ್ಟಿ ತಂದಿದ್ದ ಇದ್ದಿಲು ಕೆಂಪಾಗಿಸಿ, ಹೊಗೆಯಲ್ಲಿ ಕೂದಲು ಒಣಗಿಸಲು ಸಾಂಬ್ರಾಣಿ ಉದುರಿಸಿದಳು. ಹೊಗೆಗೆ ಫೈರ್ ಅಲಾರಂ ಅರಚಿಕೊಂಡಿತು. ಇಡೀ ಕಟ್ಟಡದವರು ಬೀದಿಗೆ ಬಂದು ನಿಂತರು.

"ಒಂದು ವಾರ ಎಣ್ಣೆ ಹಾಕದಿದ್ರೆ ಏನಾಗ್ತಿತ್ತೇ?" ಅಪ್ಪ ಹಲ್ಲು ಕಡಿದರು. ಮೂರು ಹೊಡೆಯಿತು. ನನಗೆ ಅಳು ಬಂತು.

ಅಮ್ಮ ನನ್ನ ಕೂದಲು ಬಿಡಿಸಿ ಗಾಳಿಗೆ ಹಿಡಿದಳು. "ಅಳಬೇಡ್ವೇ. ನೋಡು, ಇಲ್ಲಿ ಎಷ್ಟು ಬೇಗ ಒಣಗ್ತಿದೆ!"