ಹಳದಿ ರಾಜನ ದಾಳ

ಹಳದಿ ದಾಳದ ಹೊಟ್ಟೆಗೆ ಸೀಸ ತುಂಬಿ, ತೂತಿಗೆ ಅಂಟು ಬಳಿದು ಗಡಿಯಾರದವನು ಉಫ್ ಉಫ್ ಎಂದು ಊದುತ್ತಿದ್ದಾಗಲೇ ಮೆಟ್ಟಿಲ ಮೇಲೆ ಅಣ್ಣನ ಏದುಸಿರು ಕೇಳಿಸಿತು. ಅವಸರವಸರವಾಗಿ ದಾಳವನ್ನು ಆರು ಸಲ ಉರುಳಿಸಿ ನೋಡಿದ. ಆರೂ ಸಲ ಆರೇ ಬಿತ್ತು. ತನ್ನ ಬೆನ್ನನ್ನು ತಾನೇ ತಟ್ಟಿಕೊಂಡು ಬಾಗಿಲು ತೆರೆದ.

ಮೊದಲು ಒಳಗೆ ಬಂದದ್ದು ಒಂದು ತಗಡಿನ ಟ್ರಂಕು. ಅದನ್ನು ಹೊತ್ತು ವಕೀಲ ಅಣ್ಣ, ಅವನ ಹಿಂದೆ ಹೆಡ್‌ಮಿಸ್ ಅಕ್ಕ, ಅಕ್ಕನ ತೋಳು ಹಿಡಿದು ಸೋದರತ್ತೆ.

“ಟ್ರಂಕು ಕಾರಲ್ಲೇ ಇರ್ಲಿ ಅಂದೆ. ಕೇಳಲಿಲ್ಲ ಇವರು. ಎರಡು ಮಹಡಿ ಹೊರಿಸಿದ್ರು,” ಅಣ್ಣ ಗೊಣಗಿದ.

“ಕೆಳಗಿಟ್ರೆ ಯಾರಾದ್ರೂ ಹೊತ್ಕೊಂಡು ಹೋಗ್ತಾರಪ್ಪ,” ಅಂದಳು ಅತ್ತೆ. “ನನ್ನ ಹಾಗಲ್ಲ ಅದು.”

ಆ ಮಾತಿಗೆ ಮೂವರೂ ತಲೆಯೆತ್ತಿ ಗೋಡೆಯ ಗಡಿಯಾರಗಳನ್ನು ನೋಡತೊಡಗಿದರು. ರಿಪೇರಿಗೆ ಬಂದವು ಹದಿನೇಳು ಇದ್ದವು, ನೋಡುವುದಕ್ಕೇನೂ ಕೊರತೆಯಿರಲಿಲ್ಲ.

ವಿಷಯ ಇಷ್ಟೇ. ಅತ್ತೆ ವಾಸವಿದ್ದ ಕಟ್ಟಡವನ್ನು ಕೆಡವುತ್ತಿದ್ದರು. ಆಕೆ ಮೂವರಲ್ಲಿ ಒಬ್ಬರ ಮನೆಗೆ ಬರಬೇಕಿತ್ತು. ಎರಡು ತಿಂಗಳು “ನೀನು ಕರ್ಕೋ”, “ನೀನೇ ಕರ್ಕೋ” ಎಂದು ಎಳೆದಾಡಿದ್ದನ್ನು ನೋಡಿ ಕೊನೆಗೆ ಅತ್ತೆಯೇ ತೀರ್ಪು ಕೊಟ್ಟಿದ್ದಳು: ಚಿಕ್ಕಂದಿನ ಆ ಸಾಮ್ರಾಜ್ಯದ ಆಟ ಆಡಿ, ಯಾರ ರಾಜಧಾನಿ ಮೊದಲು ಬೀಳುತ್ತೋ ಅವರ ಮನೆಗೆ ನಾನು.

ಅತ್ತೆ ಶಾಲೆ ಶಾಲೆ ಸುತ್ತಿ ಮಕ್ಕಳಿಗೆ ಇಂಜೆಕ್ಷನ್ ಕೊಟ್ಟ ನರ್ಸ್. ಅಳಬೇಕೋ ಬೇಡವೋ ಎಂದು ಮಗು ಯೋಚಿಸುವಷ್ಟರಲ್ಲಿ ಸೂಜಿ ಒಳಗೆ ಹೋಗಿ ಹೊರಗೆ ಬಂದಿರುತ್ತಿತ್ತು. ಕೈ ಅಷ್ಟು ಹಗುರ. ಬಾಯಿ ಮಾತ್ರ ಬಲು ಭಾರ. ಬೆಳಿಗ್ಗೆ ಐದಕ್ಕೆ ಎದ್ದು ಬೀದಿಗೆಲ್ಲ ಕೇಳುವಂತೆ ರೇಡಿಯೊ ಹಚ್ಚುತ್ತಾಳೆ. ಎದುರಿಗೆ ಸಿಕ್ಕವರ ಉಗುರು ಪರೀಕ್ಷಿಸುತ್ತಾಳೆ, ಗಂಡು ಹೆಣ್ಣು ಸಾಹುಕಾರ ಎಂಬ ಭೇದವಿಲ್ಲ.

ಗಡಿಯಾರದವನಾದರೋ ನಲವತ್ತನಾಲ್ಕರ ಒಂಟಿ ಜೀವ. ಅಂಗಡಿಯ ಮೇಲೆ ಒಂದೇ ಕೋಣೆ. ಹಾಸಿಗೆಯ ಮೇಲೆಯೇ ಊಟ, ಉಂಡಲ್ಲೇ ನಿದ್ದೆ, ಯಾಕೆ ಅನ್ನುವವರಿಲ್ಲ. ಈ ಸ್ವರ್ಗ ಉಳಿಯುವುದಾದರೆ ಒಂದು ದಾಳವೇನು, ಹತ್ತು ದಾಳ ಕೊರೆಯಲೂ ಅವನು ಸಿದ್ಧನಿದ್ದ. ಕೊರೆಯುವಾಗ ಸ್ವಲ್ಪ ನಾಚಿಕೆಯಾದದ್ದು ನಿಜ. ಆದರೆ ಕೈ ನಿಲ್ಲಲಿಲ್ಲ.

ನಕ್ಷೆ ಹಾಸಿದರು. ಕೆಂಪು ಅಣ್ಣನದು, ಹಸಿರು ಅಕ್ಕನದು. ಹಳದಿ ಹಿಂದೆ ಅತ್ತೆಯದಾಗಿತ್ತು. ಆಕೆಯಂಥ ದಡ್ಡ ಆಟಗಾರ್ತಿಯನ್ನು ಯಾವ ಸಾಮ್ರಾಜ್ಯವೂ ಕಂಡಿರಲಿಲ್ಲ. ರಜೆ ಪೂರ್ತಿ ಅಣ್ಣನಿಗೊಮ್ಮೆ, ಅಕ್ಕನಿಗೊಮ್ಮೆ ಸೋಲುವುದೇ ಸೋಲುವುದು. ಗಡಿಯಾರದವನು ಆಗ ಆಕೆಯ ಮಡಿಲಲ್ಲಿ ಕೂರುವಷ್ಟು ಚಿಕ್ಕವನು. ಅವನಿಗೆ ಆಡುವ ವಯಸ್ಸಾದಾಗ ಆಕೆ ಹಳದಿಯನ್ನು ಅವನಿಗೆ ಬಿಟ್ಟುಕೊಟ್ಟು ಆಟ ನಿಲ್ಲಿಸಿದ್ದಳು. ಒಬ್ಬೊಬ್ಬ ರಾಜನಿಗೂ ಎರಡೆರಡು ದಾಳ. ಹಳದಿಯ ಒಂದು ದಾಳ ಆಗಲೇ ಎಲ್ಲೋ ಕಳೆದುಹೋಗಿತ್ತು. ಹಾಗಾಗಿ ಹಳದಿ ರಾಜ ಪಾಪ, ಉಳಿದ ಒಂದನ್ನೇ ಎರಡು ಸಲ ಉರುಳಿಸಬೇಕು.

“ಎಲ್ಲಿ, ಮೊದಲು ಕೈ ತೋರ್ಸಿ,” ಅಂದಳು ಅತ್ತೆ.

ಅಣ್ಣ ಪಾಸು. ಅಕ್ಕನೂ ಪಾಸು. ಗಡಿಯಾರದವನ ಮುಷ್ಟಿ ಬಿಡಿಸಿ, ದಾಳ ತೆಗೆದು ತನ್ನ ಕೈಲಿ ಹಿಡಿದುಕೊಂಡು, ಅವನ ಹೆಬ್ಬೆರಳನ್ನು ಕಣ್ಣಿನ ಹತ್ತಿರ ತಂದಳು.

“ಥೂ! ಏನೋ ಇದು ಅಂಟಂಟು?”

“ಗಡಿಯಾರದ ಕೆಲಸ ಅತ್ತೆ.”

“ಭಾನುವಾರಾನೂ ಬಿಡುವಿಲ್ವೇನೋ ನಿಂಗೆ!” ದಾಳವನ್ನು ಅವನ ಅಂಗೈಗೆ ಹಾಕಿ ಮುಷ್ಟಿ ಮಡಿಸಿದಳು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಳು. ಎರಡೇ ನಿಮಿಷಕ್ಕೆ ಗೊರಕೆ ಶುರುವಾಯಿತು.

ಅಣ್ಣ ನಿಯಮದ ಪುಸ್ತಕದ ನಾಲ್ಕನೇ ಕಲಮನ್ನು ಗಟ್ಟಿಯಾಗಿ ಓದಿ ಅಕ್ಕನ ಜೊತೆ ಒಪ್ಪಂದ ಮಾಡಿಕೊಂಡ. ಗೋಧಿ ಅಕ್ಕನಿಗೆ, ಬಂದರು ಅಣ್ಣನಿಗೆ, ಹಳದಿಯವನು ಇಬ್ಬರಿಗೂ. ಇಬ್ಬರ ಜಗಳ ಮೂರನೆಯವನಿಗೆ ಲಾಭ ಅನ್ನುತ್ತಾರೆ. ಈ ಮನೆಯಲ್ಲಿ ಇಬ್ಬರ ಸ್ನೇಹವೇ ಮೂರನೆಯವನಿಗೆ ಗುಂಡಿ ತೋಡುತ್ತಿತ್ತು.

“ಒಬ್ಬನ ಮೇಲೆ ಇಬ್ರಾ? ನಾಚಿಕೆ ಆಗಲ್ವಾ?” ಅಂದ ಗಡಿಯಾರದವನು, ದಾಳವನ್ನು ಮುಷ್ಟಿಯಲ್ಲಿ ಕುಲುಕುತ್ತ. ಒಳಗೊಳಗೇ ನಗು.

“ಸಾಮ್ರಾಜ್ಯ ಕಟ್ಟೋರಿಗೆ ನಾಚಿಕೆ ಎಲ್ಲಿಂದ ಬರುತ್ತೋ!” ಅಂದಳು ಅಕ್ಕ.

ದೊಡ್ಡ ಸಂಖ್ಯೆ ಬಿದ್ದವರಿಗೆ ಕೋಟೆ. ಅವನು ದಾಳ ಎಸೆದ. ಒಂದು ಬಿತ್ತು. ಮತ್ತೆ ಎಸೆದ. ಮತ್ತೂ ಒಂದು. ಅಂಟು ಸರಿಯಾಗಿ ಒಣಗಿಲ್ಲವೇನೋ ಅಂದುಕೊಂಡ. ಮುಂದಿನ ಸುತ್ತಿನಲ್ಲೂ ಒಂದು, ಒಂದು. ನದಿಯ ಕೋಟೆ ಹೋಯಿತು. ಗಣಿ ಹೋಯಿತು. ಆನೆಪಡೆ ಇಡಿಯಾಗಿ ಅಕ್ಕನ ಕಡೆ ನಡೆದುಕೊಂಡು ಹೋಯಿತು.

ಸೀಸವನ್ನು ಉಲ್ಟಾ ತುಂಬಿಬಿಟ್ಟೆನೇ? ಆರು ಸಲ ಆರು ಬಿದ್ದದ್ದನ್ನು ಕಣ್ಣಾರೆ ಕಂಡಿದ್ದನಲ್ಲ! ದಾಳದಲ್ಲಿ ಏನೋ ದೋಷವಿದೆ ಅನ್ನೋಣವೆಂದರೆ ಅಣ್ಣ ವಕೀಲ, ಆ ಕ್ಷಣವೇ ತಪಾಸಣೆಗೆ ಕೂರುತ್ತಾನೆ. ಕಳ್ಳನಿಗೆ ಚೇಳು ಕುಟುಕಿದ ಹಾಗಾಯಿತು ಅವನ ಪಾಡು, ಕೂಗುವಂತೆಯೂ ಇಲ್ಲ.

ಹದಿನೇಳು ಗಡಿಯಾರಗಳು ಹಿಂದೆಮುಂದೆ ಐದು ಬಡಿದು ಮುಗಿಸುವಷ್ಟರಲ್ಲಿ ಹಳದಿ ರಾಜಧಾನಿ ಬಿತ್ತು.

“ಅತ್ತೇನ ಚೆನ್ನಾಗಿ ನೋಡ್ಕೋಪ್ಪ,” ಅಂದಳು ಅಕ್ಕ, ಆಗಲೇ ಚಪ್ಪಲಿ ಮೆಟ್ಟುತ್ತ. ಅಣ್ಣ ಟ್ರಂಕನ್ನು ಪ್ರೀತಿಯಿಂದ ತಟ್ಟಿದ. ಅವನು ಶಿಳ್ಳೆ ಹಾಕುತ್ತ ಮೆಟ್ಟಿಲಿಳಿದದ್ದು ಮೇಲಿನವರೆಗೂ ಕೇಳಿಸಿತು.

ಗಡಿಯಾರದವನಿಗೆ ಅಳು ಬರುವಂತಾಯಿತು. ಕುರ್ಚಿಯಲ್ಲಿ ಗೊರಕೆ ನಡೆದೇ ಇತ್ತು. ಅವನು ಮೇಜಿನ ದೀಪ ಹಚ್ಚಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ದಾಳವನ್ನು ತಿರುಗಿಸಿ ನೋಡಿದ. ಅಂಟಿನ ಗುರುತೇ ಇಲ್ಲ. ಇದ್ದದ್ದು ಹಳೆಯ ಮೇಣದ ಒಂದು ಚುಕ್ಕೆ. ಅದನ್ನು ಕೆರೆದು ದಾಳವನ್ನು ಕುಟ್ಟಿದ. ಒಳಗಿನಿಂದ ಸೀಸ ಬೀಳಲಿಲ್ಲ. ತುಕ್ಕು ಹಿಡಿದ ಒಂದು ಇಂಜೆಕ್ಷನ್ ಸೂಜಿಯ ತುಂಡು ಬಿತ್ತು.

ಗೊರಕೆ ನಿಂತಿತು.

“ಪೂರ್ತಿ ಬಿಚ್ಚಿ ಹಾಳು ಮಾಡ್ಬೇಡ್ವೋ,” ಅಂದಳು ಅತ್ತೆ, ಕಣ್ಣು ಮುಚ್ಚಿಕೊಂಡೇ. “ಆ ಇಬ್ರ ಮನೇಲಿ ನಂಗೆ ಹೊತ್ತೇ ಹೋಗಲ್ಲ ಕಣೋ. ಮೋಸ ಮಾಡೋಕೂ ಬರಲ್ಲ ಅವಕ್ಕೆ.”

ಆಮೇಲೆ ಮುಷ್ಟಿ ಬಿಚ್ಚಿ, ಇನ್ನೂ ಅಂಟಂಟಾಗಿದ್ದ ಹಳದಿ ದಾಳವೊಂದನ್ನು ಟ್ರಂಕಿನ ಮೇಲೆ ಉರುಳಿಸಿದಳು. ಆರು ಬಿತ್ತು.

“ಇದು ನಿಂದು, ಇಟ್ಕೋ. ಅದನ್ನ ಇತ್ಲಾಗೆ ಕೊಡು. ಅವರಿಬ್ರನ್ನ ಅದ್ರಲ್ಲಿ ಬೇಕಾದಷ್ಟು ಗೆಲ್ಲಿಸಿದೀನಿ, ಇನ್ನು ನಿನ್ನ ಸರದಿ.”